ಕಾಮಾಕ್ಷಿ ಕಟ್ಟಿದ ಹನ್ನೆರಡು ಜನರ ತಂಡ

ಕಾಮಾಕ್ಷಿಗೆ ಬೇಸ್‌ಬಾಲ್ ಆಡಲು ಬರುವುದಿಲ್ಲ. ಒಂದೇ ಒಂದು ಸಲ, ಎಲ್ಲರೂ ಬಲವಂತ ಮಾಡಿದರೆಂದು, ಬ್ಯಾಟು ಹಿಡಿದು ನಿಂತಿದ್ದಳು. ಬಾಲ್ ಬರುವ ಮೊದಲೇ ಕಣ್ಣು ಮುಚ್ಚಿಕೊಂಡಳು. ಆಮೇಲೆ ಯಾರೂ ಬಲವಂತ ಮಾಡಲಿಲ್ಲ. ಆದರೂ ಸಿಂಗಾಪುರದ ಭಾನುವಾರದ ಲೀಗಿನಲ್ಲಿ ಆಡುವ ಆರು ತಂಡಗಳಲ್ಲಿ ಒಂದನ್ನು ನಡೆಸುವವಳು ಅವಳೇ. ಮೈಸೂರಿನ ಅಶೋಕಪುರಂನವಳು. ವಯಸ್ಸು ನಲವತ್ತೊಂಬತ್ತು. ಉಬಿಯಲ್ಲಿ ಲಿಫ್ಟ್ ರಿಪೇರಿ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುವುದು ಅವಳ ಕೆಲಸ. ಮನೆ ಟೋವಾ ಪಾಯೋದ ಹದಿನಾಲ್ಕನೇ ಮಹಡಿಯಲ್ಲಿ.

ಅವಳು ಈ ಆಟದೊಳಕ್ಕೆ ಬಂದದ್ದು ಮಗಳ ಹಿಂದೆ. ಸ್ಪಂದನಾ ಸೆಕೆಂಡರಿ ಸ್ಕೂಲಿನಲ್ಲಿ, ಬೇಸ್‌ಬಾಲಿನಂಥದೇ ಆದ ಸಾಫ್ಟ್‌ಬಾಲ್ ಆಡುತ್ತಿದ್ದಳು. ಒಂದು ಶನಿವಾರ ಸ್ಕೋರ್ ಬರೆಯುವ ಟೀಚರ್ ಜ್ವರ ಬಂದು ಮಲಗಿದರು. ಕೋಚ್ ಒಂದು ಉದ್ದನೆಯ ಪುಸ್ತಕ, ಒಂದು ಪೆನ್ಸಿಲ್ ಹಿಡಿದು ತಾಯಂದಿರು ಕೂತಿದ್ದ ಕಡೆ ಬಂದಾಗ ಉಳಿದವರೆಲ್ಲ ತಮ್ಮ ತಮ್ಮ ಫೋನ್ ನೋಡತೊಡಗಿದರು. ಕಾಮಾಕ್ಷಿ ಕೈ ಚಾಚಿದಳು. ಪುಟದ ತುಂಬ ಚೌಕಗಳು. ಒಬ್ಬೊಬ್ಬ ಆಟಗಾರ್ತಿ ಒಂದೊಂದು ಸಲ ಬ್ಯಾಟು ಹಿಡಿದಾಗ ಏನಾಯಿತೆಂದು ಒಂದೊಂದು ಚೌಕದಲ್ಲಿ ಬರೆಯಬೇಕು. ಅಕ್ಷರ, ಅಂಕಿ, ಗೆರೆ, ಅಷ್ಟೇ. ಆಟ ಮುಗಿದು ವಾರ ಕಳೆದ ಮೇಲೂ ಆ ಪುಟ ಓದಿದರೆ ಇಡೀ ಆಟ ಮತ್ತೆ ಕಣ್ಣ ಮುಂದೆ ಬರುತ್ತದೆ. ಇದು ಅವಳಿಗೆ ಬಹಳ ಹಿಡಿಸಿತು. ಎರಡು ವರ್ಷದ ಮೇಲೆ ಮಗಳು ಓದು ಹೆಚ್ಚಾಯಿತೆಂದು ಆಟ ಬಿಟ್ಟಳು. ತಾಯಿ ಪೆನ್ಸಿಲ್ ಬಿಡಲಿಲ್ಲ.

ಅವಳನ್ನು ಭಾನುವಾರದ ಲೀಗಿಗೆ ಕರೆದುಕೊಂಡು ಹೋದವರು ದ್ವಾರಕನಾಥ್. ಅವರೂ ಮೈಸೂರಿನವರೇ, ಬ್ಯೂನಾ ವಿಸ್ಟಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನೆಟ್‌ವರ್ಕ್ ಎಂಜಿನಿಯರ್. ಕಾಮಾಕ್ಷಿಯ ಗಂಡ ಸಂಪತ್‌ಗೆ ಆಫೀಸಿನ ಗೆಳೆಯ. ಅವರ ಹೆಂಡತಿ ಉಮಾ, ಕಾಮಾಕ್ಷಿಗೆ ಹದಿನೈದು ವರ್ಷದಿಂದ ಸ್ನೇಹಿತೆ. ಜಪಾನಿನ ಸಹೋದ್ಯೋಗಿ ನಿಶಿಮುರಾ ಒಂದು ತಂಡ ಕಟ್ಟಿದಾಗ ದ್ವಾರಕನಾಥ್ ತಮಾಷೆಗೆಂದು ಹೋಗಿ ಸೇರಿ, ಅಲ್ಲೇ ಉಳಿದುಬಿಟ್ಟಿದ್ದರು. ತಂಡದ ಹೆಸರು ‘ಉಬಿ ಮೈನಾಸ್’. ಮೈನಾ ಹಕ್ಕಿ ಈ ಊರಲ್ಲಿ ಎಲ್ಲಿ ಕೂತರೂ ತಟ್ಟೆಗೆ ಬಾಯಿ ಹಾಕುತ್ತದೆ, ಓಡಿಸಿದರೆ ಹೋಗುವುದಿಲ್ಲ. ನಿಶಿಮುರಾಗೆ ಆ ಗುಣ ಮೆಚ್ಚಿಗೆಯಾಗಿತ್ತು.

ನಾಲ್ಕು ವರ್ಷ ಕಾಮಾಕ್ಷಿ ಮೈನಾಸ್‌ನ ಪ್ರತಿ ಆಟದ ಸ್ಕೋರ್ ಬರೆದಳು. ಐದನೇ ವರ್ಷ ಸೀಸನ್ ಶುರುವಾಗಲು ಎರಡು ತಿಂಗಳಿರುವಾಗ ನಿಶಿಮುರಾಗೆ ನಗೋಯಾಕ್ಕೆ ವರ್ಗವಾಯಿತು. ಅವನ ನಂಬಿಕೆಯ ಮೇಲೆ ದುಡ್ಡು ಕೊಡುತ್ತಿದ್ದ ಕಂಪನಿ ಕೈ ಬಿಟ್ಟಿತು. ಅವನ ಜತೆ ಬಂದಿದ್ದ ಐದು ಜನ ಆಟಗಾರರು ಬೇರೆ ತಂಡಗಳಿಗೆ ಹೋದರು. ಹೊರಡುವ ಮುಂಚೆ ನಿಶಿಮುರಾ ತಂಡದ ಕಡತವನ್ನು ಕಾಮಾಕ್ಷಿಯ ಕೈಗಿಟ್ಟ.

“ನಾನಾ?” ಎಂದಳು ಅವಳು. “ನಾನು ಒಂದು ಬಾಲ್ ಕೂಡ ಹಿಡಿದವಳಲ್ಲ.”

“ನಾಲ್ಕು ವರ್ಷದಲ್ಲಿ ನಾನು ಎಷ್ಟೋ ಬಾಲ್ ನೋಡಿಲ್ಲ, ಆಚೆ ಈಚೆ ತಿರುಗಿದ್ದೀನಿ. ನೀವು ಒಂದನ್ನೂ ಬಿಟ್ಟಿಲ್ಲ” ಎಂದ ನಿಶಿಮುರಾ.

ಮನೆಗೆ ಬಂದು ಸಂಪತ್‌ಗೆ ಹೇಳಿದಾಗ ಅವನು ನಕ್ಕ. “ಒಪ್ಕೊಂಡ್ಯಾ?”

“ಯೋಚನೆ ಮಾಡ್ತೀನಿ ಅಂದೆ.”

“ಹಾಗಂದ್ರೆ ಒಪ್ಕೊಂಡೆ ಅಂತಾನೇ. ಇಪ್ಪತ್ತೆರಡು ವರ್ಷದಿಂದ ನೋಡ್ತಾ ಇದೀನಲ್ಲ.”

ಕಡತದ ಲೆಕ್ಕದಂತೆ ತಂಡದ ಬಳಿ ಮಿಕ್ಕಿದ್ದ ದುಡ್ಡಿನಲ್ಲಿ ಮೈದಾನದ ಬಾಡಿಗೆ, ಅಂಪೈರ್, ಬಾಲ್ ಎಲ್ಲ ಕಳೆದರೆ ಹನ್ನೆರಡು ಜನರ ನೋಂದಣಿ ಫೀ ಮಾತ್ರ ಉಳಿಯುತ್ತಿತ್ತು. ಬೇರೆ ತಂಡಗಳಲ್ಲಿ ಹದಿನೆಂಟು ಜನ. ಹಾರ್ಬರ್ ಹಾಕ್ಸ್ ಎಂಬ ತಂಡದವರಂತೂ ಕಾಲೇಜಿನಲ್ಲಿ ಬೇಸ್‌ಬಾಲ್ ಆಡಿ ಬಂದ ತೈವಾನ್ ಹುಡುಗರಿಗೆ ಬೂಟಿನಿಂದ ಹಿಡಿದು ಟ್ಯಾಕ್ಸಿಯವರೆಗೆ ಎಲ್ಲ ಕೊಡುತ್ತಿದ್ದರು. ಕಾಮಾಕ್ಷಿಯ ಹತ್ತಿರ ಇದ್ದದ್ದು ಹನ್ನೆರಡು ಜಾಗ, ಉಳಿದಿದ್ದ ಹಳಬರು ಒಂಬತ್ತು ಜನ.

ಲಿಫ್ಟಿನ ಸ್ಟೋರ್‌ನಲ್ಲಿ ಅವಳು ಕಲಿತದ್ದು ಒಂದು ಪಾಠ. ಎಲ್ಲ ಬಿಡಿಭಾಗವನ್ನೂ ಒಳ್ಳೆಯದೇ ಕೊಳ್ಳುತ್ತೇನೆಂದರೆ ಕಂಪನಿ ಮುಳುಗುತ್ತದೆ. ಯಾವುದು ಕೆಟ್ಟರೆ ಲಿಫ್ಟ್ ನಿಲ್ಲುತ್ತದೋ ಅದನ್ನು ಮೊದಲು ಕೊಳ್ಳಬೇಕು, ಮಿಕ್ಕದ್ದು ನಡೆಯುತ್ತದೆ. ಹಾಗೆಯೇ ಅವಳು ತನ್ನ ನಾಲ್ಕು ವರ್ಷದ ಪುಸ್ತಕಗಳನ್ನು ಬಿಡಿಸಿ ಕೂತಳು. ಎದುರಾಳಿ ತಂಡಗಳದ್ದೂ ಅವಳೇ ಬರೆದಿದ್ದಳಲ್ಲ, ಹಾಗಾಗಿ ಲೀಗಿನಲ್ಲಿ ಯಾರ ಕೈ ಎಂಥದು, ಯಾರ ತಾಳ್ಮೆ ಎಷ್ಟು, ಎಲ್ಲ ಅದರಲ್ಲಿತ್ತು.

ಮೊದಲು ಅವಳ ಬೆರಳು ನಿಂತದ್ದು ಒಕಾದಾ ಎಂಬ ಹೆಸರಿನ ಮೇಲೆ. ಐವತ್ತನಾಲ್ಕು ವರ್ಷದ ಪಿಚರ್, ಅಂದರೆ ಬಾಲ್ ಎಸೆಯುವವನು. ವಯಸ್ಸಾಯಿತೆಂದು ಹಾಕ್ಸ್‌ನವರು ಅವನನ್ನು ಬಿಟ್ಟಿದ್ದರು. ಅವನ ಬಾಲ್ ನಿಧಾನ, ಹೊಡೆಯುವುದು ಸುಲಭ. ಆದರೆ ಬೇಸ್‌ಬಾಲಿನಲ್ಲಿ ಪಿಚರ್ ನಾಲ್ಕು ಸಲ ಗುರಿ ತಪ್ಪಿ ಎಸೆದರೆ ಬ್ಯಾಟು ಹಿಡಿದವನು ಹೊಡೆಯದೆಯೇ ಪುಕ್ಕಟೆಯಾಗಿ ಮೊದಲ ಬೇಸಿಗೆ, ಅಂದರೆ ಓಟದ ಮೊದಲ ನಿಲ್ದಾಣಕ್ಕೆ, ನಡೆದು ಹೋಗಬಹುದು. ಭಾನುವಾರದ ಲೀಗಿನಲ್ಲಿ ಅರ್ಧ ಆಟಗಳು ಸೋಲುವುದು ಈ ಪುಕ್ಕಟೆ ನಡಿಗೆಯಿಂದಲೇ. ಒಕಾದಾ ಯಾರಿಗೂ ಏನನ್ನೂ ಪುಕ್ಕಟೆ ಕೊಟ್ಟಿರಲಿಲ್ಲ. ಅವಳು ಅವನನ್ನು ಉಬಿಯ ಒಂದು ಕಾಫಿ ಶಾಪಿನಲ್ಲಿ ಕಂಡಳು. ಅವನು ಪುಸ್ತಕವನ್ನು ನಿಧಾನವಾಗಿ ತಿರುವಿ, ತನ್ನ ಹೆಸರಿನ ಮುಂದೆ ಅವಳು ಬರೆದದ್ದನ್ನೆಲ್ಲ ಓದಿ, ಒಂದೇ ಷರತ್ತು ಹಾಕಿದ.

“ಕಾಮಾಕ್ಷಿ-ಸಾನ್, ನನ್ನನ್ನು ಆಟದಿಂದ ತೆಗೆಯಬೇಕು ಅನ್ನಿಸಿದರೆ ತೆಗೆಯಿರಿ. ಆದರೆ ನೀವೇ ನಡೆದು ಬಂದು ನನಗೆ ಹೇಳಿ. ಹಾಕ್ಸ್‌ನವರು ಈಮೇಲ್ ಮಾಡಿದರು.”

“ಖಂಡಿತ” ಎಂದಳು ಕಾಮಾಕ್ಷಿ.

ಎರಡನೆಯವಳು ಪೇ ಲಿಂಗ್, ಸ್ಪಂದನಾಳ ಸ್ಕೂಲಿನ ಹಳೆಯ ಜೊತೆಗಾತಿ. ಮೈದಾನದ ನಡುವೆ ಉರುಳಿ ಬರುವ ಬಾಲನ್ನು ಅವಳಷ್ಟು ಚುರುಕಾಗಿ ಎತ್ತುವವರನ್ನು ಕಾಮಾಕ್ಷಿ ನೋಡಿರಲಿಲ್ಲ. ಲೀಗಿನ ನಿಯಮದಲ್ಲಿ ಹೆಂಗಸರು ಆಡಬಾರದೆಂದು ಎಲ್ಲೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. “ಆಂಟಿ, ಆ ಗಂಡಸರೆಲ್ಲ ನಗ್ತಾರೆ ಲಾ” ಎಂದಳು ಪೇ ಲಿಂಗ್. “ಮೊದಲ ಆಟ ನಗಲಿ” ಎಂದಳು ಕಾಮಾಕ್ಷಿ.

ಮೂರನೆಯವನು ಕುಶಾಲ್. ಬೆಂಗಳೂರಿನಿಂದ ಬಂದು ಎಂಟು ತಿಂಗಳಾಗಿದ್ದ ಇಪ್ಪತ್ತಾರರ ಹುಡುಗ, ಅಲ್ಲಿ ಕ್ಲಬ್ ಕ್ರಿಕೆಟ್ ಆಡಿದವನು. ಬೇಸ್‌ಬಾಲ್ ಮುಟ್ಟಿ ಗೊತ್ತಿರಲಿಲ್ಲ. ಮೊದಲ ಪ್ರಾಕ್ಟೀಸಿನಲ್ಲಿ ಬಾಲನ್ನು ದೂರ ಹೊಡೆದು, ಬ್ಯಾಟು ಕೈಯಲ್ಲೇ ಹಿಡಿದುಕೊಂಡು ಓಡಿದ. ಎಲ್ಲರೂ “ಬಿಸಾಕು, ಬಿಸಾಕು” ಎಂದು ಕೂಗಿದರೂ ಬಿಡಲಿಲ್ಲ.

“ಬ್ಯಾಟ್ ಬಿಸಾಕೋದು ಹೇಗೆ ಆಂಟಿ? ನಮ್ಮ ಕೋಚ್ ನೋಡಿದ್ರೆ ಹೊಡೀತಿದ್ರು” ಎಂದ.

“ಇಲ್ಲಿ ಬಿಸಾಕದೇ ಇದ್ರೆ ನಾನು ಹೊಡೀತೀನಿ.”

ನಾಲ್ಕನೆಯವನು ತೈವಾನಿನ ಒಬ್ಬ ವಿದ್ಯಾರ್ಥಿ, ದೂರದ ಕ್ಯಾಚ್ ಹಿಡಿಯುವವನು. ಹಳಬರಲ್ಲಿ ರಮೋನ್ ಇದ್ದ. ಫಿಲಿಪೀನ್ಸಿನವನು, ಟೋವಾ ಪಾಯೋದ ಒಂದು ಹೋಟೆಲಿನಲ್ಲಿ ಅಡುಗೆಯವನು, ಮೂರನೇ ಬೇಸಿನಲ್ಲಿ ನಿಲ್ಲುವವನು. ಅವನಿಗೆ ಭಾನುವಾರ ಹನ್ನೊಂದಕ್ಕೆಲ್ಲ ಒಲೆ ಮುಂದೆ ಇರಬೇಕು. ಆದ್ದರಿಂದ ಕಾಮಾಕ್ಷಿ ಯಾರಿಗೂ ಬೇಡವಾದ ಬೆಳಿಗ್ಗೆ ಏಳೂವರೆಯ ಆಟಗಳನ್ನೇ ಕೇಳಿ ಪಡೆದಳು. ಬಾಡಿಗೆ ಕಡಿಮೆ, ಬಿಸಿಲೂ ಕಡಿಮೆ, ಒಕಾದಾನ ತೋಳಿಗೂ ಒಳ್ಳೆಯದು.

ಹೀಗೆ ಲೆಕ್ಕ ಮಾಡಿದರೆ ಹದಿಮೂರು ಹೆಸರಾಯಿತು. ಜಾಗ ಹನ್ನೆರಡು.

ಹದಿಮೂರನೆಯ ಹೆಸರು ಯಾವುದೆಂದು ಅವಳಿಗೆ ಮೊದಲೇ ಗೊತ್ತಿತ್ತು. ದ್ವಾರಕನಾಥ್‌ಗೆ ಐವತ್ತಮೂರು. ಹಿಂದಿನ ವರ್ಷ ಮೂವತ್ತೊಂದು ಸಲ ಬ್ಯಾಟು ಹಿಡಿದು ಮೂರು ಸಲ ಮಾತ್ರ ಸರಿಯಾಗಿ ಹೊಡೆದಿದ್ದರು. ಓಟವಂತೂ ನಡಿಗೆಗಿಂತ ಸ್ವಲ್ಪ ಜೋರು. ಅವರು ನಿಲ್ಲುತ್ತಿದ್ದದ್ದು ಫಸ್ಟ್ ಬೇಸಿನಲ್ಲಿ. ಉಳಿದವರು ಬಾಲ್ ಎತ್ತಿ ಎಸೆಯುತ್ತಾರೆ, ಇವರು ಒಂದು ಕಾಲು ಬೇಸಿನ ಮೇಲಿಟ್ಟು ಹಿಡಿಯುತ್ತಾರೆ, ಓಡಿ ಬರುವ ಎದುರಾಳಿ ಬೇಸ್ ಮುಟ್ಟುವ ಮೊದಲೇ ಔಟ್. ಹಿಡಿಯುವುದೇ ತಾನೆ, ಕುಶಾಲ್ ಹಿಡಿಯಬಹುದು, ಹೊಡೆಯುವುದಂತೂ ಹತ್ತು ಪಾಲು ಮೇಲು ಎಂದುಕೊಂಡಳು ಕಾಮಾಕ್ಷಿ.

ಹೆಸರು ತೆಗೆಯುವುದು ಕಷ್ಟವಾಗಲಿಲ್ಲ. ಹೇಳುವುದು ಕಷ್ಟವಾಯಿತು. ಸೋಮವಾರ ಫೋನ್ ಎತ್ತಿಕೊಂಡು ಇಟ್ಟಳು. ಮಂಗಳವಾರ ಉಮಾಳ ಜತೆ ಅರ್ಧ ಗಂಟೆ ಚಟ್ನಿಪುಡಿ, ಮಕ್ಕಳ ಪರೀಕ್ಷೆ ಎಲ್ಲ ಮಾತಾಡಿ, “ಅವರಿಗೆ ಕೊಡ್ಲಾ ಫೋನು?” ಎಂದಾಗ “ಬೇಡ, ಆಮೇಲೆ ಮಾಡ್ತೀನಿ” ಎಂದಳು. ಗುರುವಾರ ಮಧ್ಯಾಹ್ನ ಹೆಸರು ಕಳಿಸಲು ಕಡೆಯ ದಿನ. ಸ್ಟೋರ್‌ನಲ್ಲಿ ಕೂತು ತಂಡದ ವಾಟ್ಸಾಪ್ ಗ್ರೂಪಿಗೆ ಹನ್ನೆರಡು ಹೆಸರು ಹಾಕಿಬಿಟ್ಟಳು. ಎರಡು ನಿಮಿಷದ ಮೇಲೆ ದ್ವಾರಕನಾಥ್ ಅವರಿಂದ ಒಂದು ಹೆಬ್ಬೆಟ್ಟಿನ ಚಿತ್ರ ಬಂತು.

ಅವತ್ತು ಸಂಜೆ ಸಂಪತ್ ಕೇಳಿದ, “ದ್ವಾರಕನಾಥ್‌ಗೆ ಮೊದಲೇ ಹೇಳಿದ್ಯಾ?”

ಅವಳು ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿದಳು.

“ಹೇಳ್ಬೇಕಿತ್ತು ಕಣೆ” ಎಂದು ಅಷ್ಟಕ್ಕೆ ಬಿಟ್ಟ.

ಸೀಸನ್ ಶುರುವಾಯಿತು. ತಂಡ ಚೆನ್ನಾಗಿ ಹೊಡೆಯಿತು. ಕುಶಾಲ್ ಬ್ಯಾಟು ಬಿಸಾಡಲು ಕಲಿತ. ಪೇ ಲಿಂಗ್‌ಳನ್ನು ನೋಡಿ ನಗುವುದು ಎರಡನೇ ಆಟದಿಂದ ನಿಂತಿತು. ಒಕಾದಾ ಹೇಳಿದ ಜಾಗಕ್ಕೆ ಬಾಲ್ ಹಾಕುತ್ತಿದ್ದ. ಆದರೂ ಐದು ಆಟದಲ್ಲಿ ಗೆದ್ದದ್ದು ಒಂದು. ಪ್ರತಿ ಸಲವೂ ಒಂದೇ ಕತೆ: ಎದುರಾಳಿ ಮೆಲ್ಲಗೆ ಹೊಡೆದ ಬಾಲನ್ನು ಮೈನಾಸ್‌ನವರು ಎತ್ತುತ್ತಾರೆ, ಫಸ್ಟ್ ಬೇಸಿಗೆ ಎಸೆಯುತ್ತಾರೆ, ಬಾಲ್ ಕುಶಾಲ್‌ನ ಪಕ್ಕದಿಂದಲೋ ಕಾಲ ಕೆಳಗಿಂದಲೋ ನುಗ್ಗಿ ಬೇಲಿ ಮುಟ್ಟುತ್ತದೆ, ಔಟಾಗಬೇಕಾದವನು ಎರಡು ಬೇಸ್ ಓಡುತ್ತಾನೆ. ಒಕಾದಾ ಟೋಪಿ ತೆಗೆದು ಬೆವರು ಒರೆಸಿಕೊಂಡು ಮತ್ತೆ ಎಸೆಯುತ್ತಿದ್ದ.

ಮನೆಯ ಕಡೆಯೂ ಏನೋ ಸರಿಯಿರಲಿಲ್ಲ. ಉಮಾ ಫೋನ್ ಮಾಡುವುದು ಕಮ್ಮಿಯಾಯಿತು. ಮಾಡಿದರೂ ಮಾತು ಬೇಗ ಮುಗಿಯುತ್ತಿತ್ತು. ಯುಗಾದಿಗೆ ಪ್ರತಿವರ್ಷ ಎರಡು ಮನೆಯವರೂ ಕೂಡಿ ಉಣ್ಣುತ್ತಿದ್ದರು. ಆ ವರ್ಷ ಉಮಾ, “ಈ ಸಲ ನಮ್ಮನೇಲಿ ನೆಂಟರಿದಾರೆ ಕಾಮಾಕ್ಷಿ” ಎಂದಳು. ನೆಂಟರು ಯಾರು ಎಂದು ಕಾಮಾಕ್ಷಿ ಕೇಳಲಿಲ್ಲ.

ಐದನೇ ಆಟ ಸೋತ ಮುಂದಿನ ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಐದೂ ವರ್ಷದ ಪುಸ್ತಕಗಳನ್ನು ಹರಡಿಕೊಂಡಳು. ಯಾರ ಎಸೆತ ಎಷ್ಟು ಸಲ ತಪ್ಪಿದೆ ಎಂದು ಹುಡುಕುತ್ತ ಹೋದಳು. ಪೇ ಲಿಂಗ್ ಹೊಸಬಳು, ಅವಳ ವಿಷಯ ಬೇರೆ. ರಮೋನ್ ಹಳಬ. ಅವನು ನಲವತ್ತು ಆಟದಲ್ಲಿ ಒಂಬತ್ತು ಸಲ ತಪ್ಪಾಗಿ ಎಸೆದಿದ್ದ. ಈ ವರ್ಷ ಐದೇ ಆಟದಲ್ಲಿ ಆರು ಸಲ.

ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಓದುತ್ತಿದ್ದ ಸ್ಪಂದನಾ ತಲೆಯೆತ್ತಿದಳು. “ಏನಮ್ಮ, ಅದನ್ನೇ ನೋಡ್ತಾ ಇದೀಯಾ?”

“ರಮೋನ್‌ಗೆ ಏನಾಗಿದೆ ಅಂತ. ಕೈ ನೋವಿರ್ಬೇಕು.”

“ಅವನನ್ನೇ ಕೇಳು.”

ರಮೋನ್ ಕೆಲಸ ಮಾಡುವ ಹೋಟೆಲ್ ನಾಲ್ಕು ಬ್ಲಾಕ್ ಆಚೆ. ಮಧ್ಯಾಹ್ನದ ಬಿಡುವಿನಲ್ಲಿ ಅವನು ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಕೂತು ತಣ್ಣನೆಯ ಬಾರ್ಲಿ ನೀರು ಕುಡಿಯುತ್ತಿದ್ದ. ಕಾಮಾಕ್ಷಿ ಕೇಳಿದ್ದಕ್ಕೆ ತೋಳನ್ನು ಗಿರಗಿರನೆ ತಿರುಗಿಸಿ ತೋರಿಸಿದ.

“ಕೈಗೆ ಏನೂ ಆಗಿಲ್ಲ ಮೇಡಂ. ನಾನು ಯಾವಾಗಲೂ ಹೀಗೇ ಎಸೆಯೋದು. ಒಂದು ಮೇಲೆ, ಒಂದು ಕೆಳಗೆ. ಮುಂಚೆ ಅಂಕಲ್ ದ್ವಾರಕ್ ಇದ್ದರು. ಎತ್ತಿ ಎಸೆದುಬಿಟ್ಟರೆ ಮುಗೀತು, ಹೋಗಿ ಸೇರಿತಾ ಅಂತ ನಾನು ನೋಡ್ತಾನೂ ಇರಲಿಲ್ಲ. ಈಗ ಎಸೆಯೋಕೆ ಮುಂಚೆ ಯೋಚನೆ ಬರುತ್ತೆ. ಯೋಚನೆ ಬಂದರೆ ಇನ್ನೂ ಕೆಡುತ್ತೆ.”

ಕಾಮಾಕ್ಷಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.

ಎಸೆತ ತಪ್ಪಿ ಬೇಲಿಗೆ ಹೋದರೆ ಪುಸ್ತಕದಲ್ಲಿ ಎಸೆದವನ ಹೆಸರಿಗೆ ತಪ್ಪು ಬೀಳುತ್ತದೆ. ಎಸೆತ ತಪ್ಪಿಯೂ ಫಸ್ಟ್ ಬೇಸಿನವನು ಮಣ್ಣಿಗೆ ಬಾಗಿ, ಮೇಲಕ್ಕೆ ಚಾಚಿ, ಹೇಗೋ ಹಿಡಿದುಬಿಟ್ಟರೆ? ಆಗ ಮಾಮೂಲಿ ಔಟ್ ಬರೆಯುತ್ತಾರೆ. ಐದು, ಅಡ್ಡಗೆರೆ, ಮೂರು: ಐದು ಎಂದರೆ ಮೂರನೇ ಬೇಸಿನವನು, ಮೂರು ಎಂದರೆ ಫಸ್ಟ್ ಬೇಸಿನವನು. ಒಳ್ಳೆಯ ಎಸೆತಕ್ಕೂ ಅದೇ, ಕೆಟ್ಟ ಎಸೆತಕ್ಕೂ ಅದೇ. ಹಿಡಿದವನು ಮಾಡಿದ್ದಕ್ಕೆ ಆ ಪುಸ್ತಕದಲ್ಲಿ ಗುರುತೇ ಇಲ್ಲ. ನಾಲ್ಕು ವರ್ಷ ದ್ವಾರಕನಾಥ್ ಅದನ್ನು ಅವಳ ಕಣ್ಣೆದುರಿಗೇ ಮಾಡಿದ್ದರು. ಅವಳು ಕಣ್ಣಿಂದ ನೋಡಿದ್ದಳು, ಬರೆದಿರಲಿಲ್ಲ. ಬರೆಯದೇ ಇದ್ದದ್ದನ್ನು ಮರೆತಿದ್ದಳು.

ಮರುದಿನ ಆಟವಿರಲಿಲ್ಲ. ಬೆಳಿಗ್ಗೆ ಎಂಆರ್‌ಟಿ ರೈಲು ಹತ್ತಿ, ಬಿಷಾನ್‌ನಲ್ಲಿ ಇಳಿದು, ಲೈನ್ ಬದಲಿಸಿ, ದ್ವಾರಕನಾಥ್ ಅವರ ಮನೆಯೂ ಇದ್ದ ಬ್ಯೂನಾ ವಿಸ್ಟಾಕ್ಕೆ ಹೋದಳು. ಸಂಪತ್ ತಾನೂ ಬರುತ್ತೇನೆಂದ. ಬೇಡವೆಂದಳು. ಅವರ ಕಾಂಡೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವನು ಮೇಲಕ್ಕೆ ಫೋನ್ ಮಾಡಿ ಹೆಸರು ಹೇಳಿದಾಗ, ಆ ಕಡೆಯಿಂದ ಉತ್ತರ ಬರುವವರೆಗೆ ಅವಳು ಗೇಟಿನ ಹೊರಗೇ ನಿಂತಳು.

ಬಾಗಿಲು ತೆಗೆದವಳು ಉಮಾ. “ಬಾ” ಎಂದಳು. ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ದ್ವಾರಕನಾಥ್ ಬಾಲ್ಕನಿಯಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದವರು ಕೈ ಒರೆಸಿಕೊಂಡು ಒಳಗೆ ಬಂದರು.

“ಏನು ಕಾಮಾಕ್ಷಿ, ಇಷ್ಟು ಬೆಳಿಗ್ಗೆ? ಎಲ್ಲ ಆರಾಮಾ?”

“ಒಂದು ಮಾತು ಹೇಳೋಕೆ ಬಂದೆ. ನಾನು ತಪ್ಪು ಮಾಡಿದೆ.”

“ಅಯ್ಯೋ, ಬಿಡಿ ಅದೆಲ್ಲ.”

“ಬಿಡ್ಬೇಡಿ, ಕೇಳಿ. ಎರಡು ತಪ್ಪು. ಒಂದು ಆಟದ್ದು, ಅದು ಲೆಕ್ಕದ ತಪ್ಪು. ನೀವು ಹಿಡೀತಿದ್ದ ಕೆಟ್ಟ ಥ್ರೋನ ನಾನು ಎಲ್ಲೂ ಬರ್ದಿರ್ಲಿಲ್ಲ. ಬರೀದೇ ಇರೋದ್ರಿಂದ ಅದು ಇಲ್ಲವೇ ಇಲ್ಲ ಅಂದ್ಕೊಂಡೆ. ಇನ್ನೊಂದು…” ಅವಳು ಉಮಾಳ ಕಡೆಯೂ ತಿರುಗಿದಳು. “ನಿಮಗೆ ಫೋನ್ ಮಾಡ್ದೆ ಗ್ರೂಪಲ್ಲಿ ಹಾಕ್ಬಿಟ್ಟೆ. ಹೆದರಿಕೊಂಡೆ.”

ದ್ವಾರಕನಾಥ್ ಕುರ್ಚಿ ಎಳೆದು ಕೂತರು. ಉಮಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ನೋಡಿ” ಎಂದರು ದ್ವಾರಕನಾಥ್. “ನಂಗೆ ಹೊಡಿಯೋಕೆ ಬರಲ್ಲ, ಓಡೋಕಾಗಲ್ಲ. ಹೆಸರು ತೆಗೆದಿದ್ದಕ್ಕೆ ಬೇಜಾರಿಲ್ಲ, ನಾನಾಗಿದ್ರೂ ತೆಗೀತಿದ್ದೆ. ಆದ್ರೆ ಅವತ್ತು ನಾನು ಮೀಟಿಂಗಲ್ಲಿದ್ದೆ. ಫೋನ್ ಟೇಬಲ್ ಮೇಲಿತ್ತು. ಲಿಸ್ಟ್ ಬಂತು, ಎರಡು ಸಲ ಓದಿದೆ, ಕಣ್ತಪ್ಪಿರ್ಬೇಕು ಅಂತ. ಆಮೇಲೆ ಥಂಬ್ಸ್ ಅಪ್ ಹಾಕಿದೆ. ಮತ್ತೇನು ಹಾಕ್ಲಿ?”

“ನನ್ನ ಗಂಡ ವಾರ ಪೂರ್ತಿ ಸರಿಯಾಗಿ ಊಟ ಮಾಡ್ಲಿಲ್ಲ” ಎಂದಳು ಉಮಾ. “ಹೇಳ್ಬಾರ್ದು ಅಂದಿದ್ರು. ಹೇಳ್ತೀನಿ.”

ಕಾಮಾಕ್ಷಿ ತಲೆ ತಗ್ಗಿಸಿದಳು. ಯಾರೂ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅದೇ ಒಳ್ಳೆಯದಾಯಿತು. ಸ್ವಲ್ಪ ಹೊತ್ತಾದ ಮೇಲೆ ಉಮಾ ಒಳಗೆ ಹೋಗಿ ಕಾಫಿ ತಂದು ಮೂರು ಲೋಟ ಇಟ್ಟಳು. ಕಾಫಿ ಕುಡಿಯುತ್ತ ದ್ವಾರಕನಾಥ್ ತಾವಾಗಿಯೇ ಕೇಳಿದರು.

“ಕುಶಾಲ್ ಹೇಗೆ ನಿಲ್ತಾನೆ?”

“ಬಾಲ್ ಬರೋಕೆ ಮುಂಚೇನೇ ಪೂರ್ತಿ ಚಾಚ್ಕೊಂಡ್ ನಿಲ್ತಾನೆ.”

“ಅದೇ ತಪ್ಪು. ಕಾಯ್ಬೇಕು. ಕಾಲೇಜಲ್ಲಿ ನಾನು ಸ್ಲಿಪ್ಪಲ್ಲಿ ನಿಲ್ತಿದ್ದೆ, ಆರು ವರ್ಷ. ಕೈ ಮೆತ್ತಗಿರ್ಬೇಕು, ಬಾಲ್ ಎಲ್ಲಿಗೆ ಬರತ್ತೆ ಅಂತ ಗೊತ್ತಾದ್ಮೇಲೆ ಕಾಲು ಹೋಗ್ಬೇಕು. ಇಲ್ಲೂ ಅಷ್ಟೇ.” ಲೋಟ ಕೆಳಗಿಟ್ಟರು. “ಕಳಿಸಿ ಅವನ್ನ. ಶನಿವಾರ ಸಂಜೆ ನಾನು ಫ್ರೀ.”

ಆಮೇಲಿನ ಶನಿವಾರಗಳಲ್ಲಿ ಮೈದಾನದ ಒಂದು ಮೂಲೆಯಲ್ಲಿ ಇಬ್ಬರೂ ನಿಲ್ಲುತ್ತಿದ್ದರು. ದ್ವಾರಕನಾಥ್ ಬೇಕೆಂದೇ ಕೆಟ್ಟದಾಗಿ ಎಸೆಯುವರು: ಮಣ್ಣಿಗೆ, ಮೊಣಕಾಲಿಗೆ, ಎಡಕ್ಕೆ, ತಲೆಯ ಮೇಲೆ. “ಅಂಕಲ್, ಒಂದಾದ್ರೂ ನೆಟ್ಟಗೆ ಹಾಕಿ” ಎಂದು ಕುಶಾಲ್ ಬೇಡಿಕೊಳ್ಳುವನು. “ರಮೋನ್ ಹಾಕ್ತಾನೇನೋ ನೆಟ್ಟಗೆ?” ಎಂದು ಇನ್ನೊಂದು ಮಣ್ಣಿಗೆ ಬೀಳುವುದು. ಹುಡುಗನ ಮೊಣಕೈ ತರಚಿತು, ಆದರೆ ಕೈ ಮೆತ್ತಗಾಗತೊಡಗಿತು. ಕಾಮಾಕ್ಷಿ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ಪುಸ್ತಕದಲ್ಲಿ ಈಗ ಒಂದು ಹೊಸ ಗುರುತು ಬಂದಿತ್ತು. ಕೆಟ್ಟ ಎಸೆತ ಹಿಡಿದರೆ ಆ ಔಟಿನ ಕೆಳಗೆ ಒಂದು ಸಣ್ಣ ಸೊನ್ನೆ. ಲೀಗಿನ ನಿಯಮದಲ್ಲಿ ಅದಿಲ್ಲ. ಅದು ಅವಳದೇ.

ಆರನೇ ಆಟ ಗೆದ್ದರು, ಏಳನೆಯದು ಸೋತರು. ಅಷ್ಟರಲ್ಲಿ ತೈವಾನಿನ ವಿದ್ಯಾರ್ಥಿ ಓದು ಮುಗಿದು ಊರಿಗೆ ಹೊರಟ. ಸೀಸನ್ ಮಧ್ಯದಲ್ಲಿ ಊರು ಬಿಟ್ಟವರ ಜಾಗಕ್ಕೆ ಇನ್ನೊಬ್ಬರನ್ನು ಹೊಸ ಫೀ ಇಲ್ಲದೆ ಸೇರಿಸಲು ಅವಕಾಶವಿತ್ತು. ಕಾಮಾಕ್ಷಿ ಈ ಸಲ ಗ್ರೂಪಿಗೆ ಏನೂ ಹಾಕಲಿಲ್ಲ. ಮೈದಾನದಲ್ಲಿ ಬ್ಯಾಗು ಕಟ್ಟುತ್ತಿದ್ದ ದ್ವಾರಕನಾಥ್ ಹತ್ತಿರ ನಡೆದು ಹೋದಳು.

“ಒಂದು ಜಾಗ ಖಾಲಿಯಾಗಿದೆ. ಬರ್ತೀರಾ? ಪೂರ್ತಿ ಆಟ ಆಡ್ಸಲ್ಲ. ಕೊನೇ ಎರಡು ಇನ್ನಿಂಗ್ಸ್ ಮಾತ್ರ ಫಸ್ಟ್ ಬೇಸಲ್ಲಿ. ಆವಾಗ ಕುಶಾಲ್‌ನ ದೂರ ಫೀಲ್ಡಿಗೆ ಕಳಿಸ್ತೀನಿ. ಬ್ಯಾಟಿಂಗ್ ಇಲ್ಲ.”

“ನೀವು ತುಂಬ ಕ್ಲಿಯರ್ ಆಗಿ ಹೇಳ್ತೀರಿ ಈಗ” ಎಂದು ದ್ವಾರಕನಾಥ್ ನಕ್ಕರು. “ಬರ್ತೀನಿ. ಬ್ಯಾಟಿಂಗ್ ಇಲ್ಲ ಅಂದ್ರೆ ಇನ್ನೂ ಖುಷಿ.”

ಎಂಟು, ಒಂಬತ್ತು ಗೆದ್ದರು. ಹತ್ತನೆಯದು ಕೊರಿಯಾದವರೇ ಹೆಚ್ಚಿದ್ದ ತಂಡದ ವಿರುದ್ಧ. ಗೆದ್ದರೆ ನಾಲ್ಕನೇ ಸ್ಥಾನ, ಸೆಮಿಫೈನಲ್. ಹಿಂದಿನ ದಿನ ಮಳೆ ಬಂದು ಮಣ್ಣು ಭಾರವಾಗಿತ್ತು. ಅವತ್ತು ಸಂಪತ್ ಕೂಡ ಬಂದಿದ್ದ, ಉಮಾಳ ಪಕ್ಕದಲ್ಲಿ ಕೂತು ಇದೇಕೆ ಔಟು, ಅದೇಕೆ ಔಟಲ್ಲ ಎಂದು ಕೇಳುತ್ತಿದ್ದ. ಉಮಾ ತನಗೂ ಗೊತ್ತಿಲ್ಲದ್ದನ್ನು ಧೈರ್ಯವಾಗಿ ಹೇಳುತ್ತಿದ್ದಳು.

ಏಳನೇ ಇನ್ನಿಂಗ್ಸ್, ಕೊನೆಯದು. ಮೈನಾಸ್ ನಾಲ್ಕು, ಅವರು ಮೂರು. ಇಬ್ಬರು ಔಟು, ಇನ್ನೊಬ್ಬ ಔಟಾದರೆ ಆಟ ಮುಗಿಯಿತು, ಆದರೆ ಮೂರನೇ ಬೇಸಿನಲ್ಲಿ ಅವರ ಒಬ್ಬ ನಿಂತಿದ್ದಾನೆ, ಅವನು ಓಡಿ ಮುಗಿಸಿದರೆ ಸಮ. ಕಾಮಾಕ್ಷಿ ಪೆನ್ಸಿಲ್ ಕೆಳಗಿಟ್ಟು ಒಕಾದಾನ ಹತ್ತಿರ ನಡೆದು ಹೋದಳು. ಅವನು ಅಷ್ಟು ಹೊತ್ತಿಗೆ ತೊಂಬತ್ತಕ್ಕೂ ಹೆಚ್ಚು ಬಾಲ್ ಎಸೆದಿದ್ದ.

“ತೋಳು ಹೇಗಿದೆ?”

“ಇನ್ನೊಬ್ಬನಿಗೆ ಸಾಕಾಗುವಷ್ಟಿದೆ.”

“ಸರಿ. ಇರಿ.”

ಒಕಾದಾ ಎಸೆದ. ಬ್ಯಾಟಿನವನು ಬಲವಾಗಿ ಹೊಡೆದ ಬಾಲ್ ನೆಲ ಕಚ್ಚಿಕೊಂಡು ರಮೋನ್‌ನ ಕಡೆ ಬಂತು. ರಮೋನ್ ಅದನ್ನು ಎತ್ತಿ, ಯೋಚಿಸದೆ ಬೀಸಿ ಎಸೆದ. ಎಸೆತ ತಗ್ಗಿತು. ಬೇಸಿಗೆ ಎರಡು ಅಡಿ ಮುಂಚೆ ಒದ್ದೆ ಮಣ್ಣಿಗೆ ಬಿದ್ದು, ಏಳಬೇಕಾದಷ್ಟು ಏಳದೆ, ದ್ವಾರಕನಾಥ್ ಅವರ ಗ್ಲೌಸಿನ ಅಂಚಿಗೆ ತಗುಲಿ ಎದೆಗೆ ಬಡಿಯಿತು. ಉಮಾ ಎದ್ದು ನಿಂತಳು. ಬಾಲ್ ಅವರ ಕಾಲ ಮುಂದೆಯೇ ಬಿತ್ತು. ಅವರು ಮಂಡಿಯೂರಿ, ಬರಿಗೈಯಿಂದ ಅದನ್ನು ಹಿಡಿದು, ಹಾಗೇ ಮುಂದಕ್ಕೆ ಬಿದ್ದು ಬೇಸಿನ ಮೇಲೆ ಕೈಯಿಟ್ಟರು. ಓಡಿ ಬಂದವನ ಬೂಟು ಅದೇ ಗಳಿಗೆಗೆ ಬಂತು. ಅಂಪೈರ್ ಬಾಗಿ ನೋಡಿ, ಮುಷ್ಟಿ ಎತ್ತಿದ. ಔಟ್.

ನೋಡುವುದಕ್ಕೆ ಚೆನ್ನಾಗಿರಲಿಲ್ಲ. ದ್ವಾರಕನಾಥ್ ಅವರ ಅಂಗಿಯ ತುಂಬ ಕೆಸರು, ಏಳಲು ಕುಶಾಲ್ ಕೈ ಕೊಡಬೇಕಾಯಿತು. “ಅಂಕಲ್, ಹೀಗೆ ನೀವು ಹೇಳ್ಕೊಟ್ಟಿರ್ಲಿಲ್ಲ” ಎಂದ ಅವನು. “ಇದನ್ನ ಹೇಳ್ಕೊಡಕ್ಕಾಗಲ್ಲ ಕಣೋ” ಎಂದು ಅವರು ಎದೆ ನೀವಿಕೊಂಡರು. ಕಾಮಾಕ್ಷಿ ಬೆಂಚಿಗೆ ಬಂದು ಐದು, ಅಡ್ಡಗೆರೆ, ಮೂರು ಬರೆದಳು. ಕೆಳಗೆ ಸೊನ್ನೆ ಹಾಕುವಾಗ ಪೆನ್ಸಿಲ್ ಸ್ವಲ್ಪ ಜೋರಾಗಿಯೇ ಒತ್ತಿತು.

ಸೆಮಿಫೈನಲಿನಲ್ಲಿ ಹಾರ್ಬರ್ ಹಾಕ್ಸ್ ಒಂಬತ್ತು ಎರಡರಿಂದ ಸೋಲಿಸಿತು. ಅಲ್ಲಿ ಯಾವ ಪವಾಡವೂ ನಡೆಯಲಿಲ್ಲ. ಅವರು ಮೇಲಾಗಿದ್ದರು. ಒಕಾದಾನನ್ನು ಐದನೇ ಇನ್ನಿಂಗ್ಸ್‌ನಲ್ಲಿ ತೆಗೆಯಬೇಕಾಯಿತು. ಅವಳು ನಡೆದು ಹೋಗಿ ಹೇಳಿದಳು, ಅವನು ಟೋಪಿ ತೆಗೆದು ಬಾಲನ್ನು ಅವಳ ಅಂಗೈಯಲ್ಲಿಟ್ಟ. ಆಟ ಮುಗಿದ ಮೇಲೆ ಹಾಕ್ಸ್‌ನ ಮ್ಯಾನೇಜರ್ ಬಂದು, ಅಷ್ಟು ಕಡಿಮೆ ದುಡ್ಡಿನಲ್ಲಿ ಈ ತಂಡವನ್ನು ಹೇಗೆ ಕಟ್ಟಿದಿರಿ ಎಂದು ಕೇಳಿದ. “ಅರ್ಧ ಲೆಕ್ಕ ಹಾಕಿ, ಇನ್ನರ್ಧ ಕ್ಷಮೆ ಕೇಳಿ” ಎಂದಳು ಕಾಮಾಕ್ಷಿ. ಅವನು ತಮಾಷೆಯೆಂದುಕೊಂಡ.

ಅವತ್ತು ಮೈದಾನದಿಂದ ನೇರವಾಗಿ ಎಲ್ಲರೂ ಟೋವಾ ಪಾಯೋದ ಹಾಕರ್ ಸೆಂಟರಿನಲ್ಲಿ, ಸಾಲು ತಿಂಡಿ ಅಂಗಡಿಗಳ ನಡುವೆ, ಎರಡು ಮೇಜು ಸೇರಿಸಿ ಕೂತರು. ರಮೋನ್ ಕೆಲಸಕ್ಕೆ ಓಡುವ ಮುಂಚೆ ಹತ್ತು ನಿಮಿಷ ಕೂತು ಹೋದ. ಉಮಾ ಒಂದು ಡಬ್ಬಿ ತುಂಬ ಪುಳಿಯೋಗರೆ ತಂದಿದ್ದಳು. ಒಕಾದಾ ಎರಡು ಸಲ ಹಾಕಿಸಿಕೊಂಡು, ಹುಣಸೆ ಎಂದರೇನೆಂದು ಕೇಳಿ, ಆ ಪದವನ್ನು ಮೂರು ಸಲ ಹೇಳಿ ಕಲಿತ.

ಇದೆಲ್ಲ ಆಗಿ ಎರಡು ವರ್ಷವಾಯಿತು. ದ್ವಾರಕನಾಥ್ ಈಗ ಆಡುವುದಿಲ್ಲ. ಫಸ್ಟ್ ಬೇಸಿನ ಪಕ್ಕದಲ್ಲಿ ಕೋಚ್ ಆಗಿ ನಿಲ್ಲುತ್ತಾರೆ. ಕುಶಾಲ್ ಹೆಸರಿನ ಮುಂದೆ ಹೋದ ವರ್ಷ ಇಪ್ಪತ್ತೆರಡು ಸೊನ್ನೆ ಬಿತ್ತು. ಲೀಗಿನವರು ಕಾಮಾಕ್ಷಿಯನ್ನು ಕೇಳಿಕೊಂಡು ಉಳಿದ ತಂಡಗಳ ಸ್ಕೋರ್ ಬರೆಯುವವರಿಗೂ ಆ ಗುರುತು ಹೇಳಿಕೊಡಿಸಿದರು. ಮೂವರು ಬಂದರು, ಒಬ್ಬರು ಮಾತ್ರ ಹಾಕುತ್ತಾರೆ.

ಈ ವರ್ಷ ಉಬಿಯ ಒಂದು ಪೇಂಟ್ ಅಂಗಡಿಯವರು ತಾವಾಗಿ ಮುಂದೆ ಬಂದರು. ತಂಡಕ್ಕೆಲ್ಲ ಹೊಸ ಅಂಗಿ ಹೊಲಿಸಿ ಕೊಡುತ್ತೇವೆ, ಬೆನ್ನ ಮೇಲೆ ನಮ್ಮ ಅಂಗಡಿಯ ಹೆಸರು ಇರಲಿ ಎಂದರು. ಕಾಮಾಕ್ಷಿ ಹಳೆಯ ಅಂಗಿಗಳನ್ನು ಎಣಿಸಿ ನೋಡಿದಳು. ಎರಡಕ್ಕೆ ಮಾತ್ರ ಗುಂಡಿ ಇರಲಿಲ್ಲ.

“ಅಂಗಿ ಇದೆ. ಬೇಕಾದ್ರೆ ನಿಮ್ಮ ಹೆಸರು ಅದರ ಮೇಲೇ ಬರೆಸ್ತೀವಿ. ನಮಗೆ ಬಾಲ್ ಕೊಡಿ” ಎಂದಳು.

ಅವರು ಹತ್ತು ಡಜನ್ ಕೊಟ್ಟರು. ಪೆಟ್ಟಿಗೆ ಮನೆಗೆ ಬಂದ ಸಂಜೆ ಸಂಪತ್ ಅದನ್ನು ಎತ್ತಿ ಬಾಲ್ಕನಿಗೆ ಸಾಗಿಸುತ್ತ, ಬಟ್ಟೆ ಎಲ್ಲಿ ಒಣಗಿಸೋದು ಎಂದು ಕೇಳಿದ.